ಆಳಿಲ್ಲದ ಟಿಕೆಟ್

ಆ ಗುರುವಾರ ಬೆಳಿಗ್ಗೆ ನಮ್ಮ ಯಜಮಾನರಿಗೆ ಗಡ್ಡ ಹೆರೆಯುತ್ತಿದ್ದೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಒಳಕೋಣೆಯ ಮಂಚ ಹಿಡಿದ ಮೇಲೆ ಅದು ನನ್ನ ಕೆಲಸವಾಗಿತ್ತು. ಒಂದು ಕೆನ್ನೆ ಮುಗಿದಿತ್ತು. ಅಷ್ಟರಲ್ಲಿ ದಿಂಬಿನ ಪಕ್ಕದ ಫೋನ್ ಟಿಣ್ ಟಿಣ್ ಅಂತ ಬಡಿದುಕೊಂಡಿತು.

"ತೆಗಿ ತೆಗಿ, ರೇಜರ್ ಆಚೆ ತೆಗಿ."

"ಅರ್ಧ ಮುಖ ಹಾಗೇ ಇದೆ ರೀ."

"ಇರಲಿ ಬಿಡೇ. ಇನ್ನು ನನಗೆ ಯಾರೂ ಹೆಣ್ಣು ನೋಡಬೇಕಾಗಿಲ್ಲ. ಫೋನ್ ಕೊಡು."

ನೊರೆ ಮೆತ್ತಿದ ಮುಖದಲ್ಲೇ ಓದಿದರು. ಓದಿ ನಕ್ಕರು. ಬಿದ್ದ ದಿನದಿಂದ ಆ ನಗು ನಾನು ನೋಡಿರಲಿಲ್ಲ.

"ಏರಿದೆ ಕಣೇ! ಜನ ಹತ್ತಿದ್ದಾರೆ! ಇನ್ನು ಬಂಡಿ ನಿಲ್ಲಿಸಲ್ಲ ಅವರು."

ಏರಿದ್ದು ಅವರು ನೋಡುವ ಟಿವಿ ಧಾರಾವಾಹಿಯ ರೇಟಿಂಗು. ನಾನು ರೇಜರ್ ತೊಳೆಯುವ ನೆಪ ಮಾಡಿ ಬಚ್ಚಲಿಗೆ ಹೋದೆ. ಅವರ ಮುಖ ನೋಡಲು ಆಗಲಿಲ್ಲ. ಯಾಕೆ ಅಂತ ಹೇಳುವ ಮೊದಲು ಅವರು ಎಂಥವರು ಅಂತ ಹೇಳಬೇಕು.

ಅವರು ಬಸ್ ಕಂಡಕ್ಟರು. ಕೆಲಸ ಬಿಟ್ಟ ಮೇಲೂ ಕಂಡಕ್ಟರೇ. ಮನೆಯಲ್ಲಿ ಚಹಾ ಕುಡಿಯುವಾಗಲೂ ಬಾಗಿಲ ಚೌಕಟ್ಟಿಗೆ ಒರಗಿ, ಕಾಲು ಅಗಲಿಸಿ ನಿಂತೇ ಕುಡಿಯುತ್ತಿದ್ದರು. "ಮನೆ ಅಲ್ಲಾಡಲ್ಲ ರೀ, ಕೂತ್ಕೊಳ್ಳಿ" ಅಂತ ನಾನು ರೇಗಿಸುತ್ತಿದ್ದೆ. ಮದುವೆ ಮನೆಯಲ್ಲಿ ಬಾಗಿಲಲ್ಲಿ ಗುಂಪುಗಟ್ಟಿದವರನ್ನು ಕಂಡರೆ "ಮುಂದೆ ಹೋಗಿ, ಒಳಗೆ ಜಾಗ ಇದೆ, ರೈಟ್ ರೈಟ್" ಅನ್ನುತ್ತಿದ್ದರು. ನನ್ನ ತವರಿನವರು ಅದಕ್ಕೇ ಅವರನ್ನು ರೈಟ್ ಭಾವ ಅಂತ ಕರೆಯುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಆಳಿದ್ದರೆ ಟಿಕೆಟ್, ಟಿಕೆಟ್ ಇದ್ದರೆ ಆಳು. ಆಳಿಲ್ಲದ ಟಿಕೆಟ್ ಅವರು ಜನ್ಮದಲ್ಲಿ ಹರಿದವರಲ್ಲ.

ಆ ಹಟದಿಂದಲೇ ಒಂದು ರೂಟ್ ಹೋಯಿತು. ನದಿಯಾಚೆಯ ಆಸ್ಪತ್ರೆಗೆ ಸಂಜೆ ಹೋಗುವ ಬಸ್. ಜನ ಕಡಿಮೆ. ಎಷ್ಟು ಟಿಕೆಟ್ ಹೋಗಿದೆ ಅಂತ ಆಫೀಸಿನವರು ಲೆಕ್ಕ ನೋಡುವ ವಾರ ಬಂತು. ಡ್ರೈವರು ಹೇಳಿದನಂತೆ, "ನಾಲ್ಕು ಟಿಕೆಟ್ ಜಾಸ್ತಿ ಹರಿಯೋ ಮಾರಾಯ, ರೂಟ್ ಉಳಿಯುತ್ತೆ." ಇವರು ಹರಿಯಲಿಲ್ಲ. ರೂಟ್ ರದ್ದಾಯಿತು. ಆಮೇಲೆ ಒಂದು ದಿನ ಮಾರುಕಟ್ಟೆಯಲ್ಲಿ ಆಸ್ಪತ್ರೆ ಗುಡಿಸುವ ಹೆಂಗಸು ಸಿಕ್ಕಳು. ನಾನೂ ಜೊತೆಗಿದ್ದೆ. ಅವಳು ಬಯ್ಯಲಿಲ್ಲ. "ಬಸ್ ಮತ್ತೆ ಯಾವಾಗ ಬರುತ್ತೆ ಅಣ್ಣಾ? ನಡೆದು ನಡೆದು ಸಾಕಾಯ್ತು" ಅಂದಳು ಅಷ್ಟೇ. ಆ ದಿನ ಇವರು ತಟ್ಟೆಯ ಮುಂದೆ ಕೂತು ಉಣ್ಣದೆ ಎದ್ದರು.

ಕೆಲಸ ಬಿಟ್ಟ ಮೇಲೆ ಅವರಿಗೆ ಹಿಡಿಸಿದ್ದು ದೋಣಿಯವಳ ಧಾರಾವಾಹಿ. ಒಬ್ಬಳು ಹೆಂಗಸು ದೋಣಿ ನಡೆಸುತ್ತಾಳೆ. ದಿನಕ್ಕೊಬ್ಬರು ಹತ್ತುತ್ತಾರೆ, ತಮ್ಮ ಕಷ್ಟ ಹೇಳುತ್ತಾರೆ, ಇಳಿಯುತ್ತಾರೆ. ಅಷ್ಟೇ ಕಥೆ. ಒಬ್ಬರ ಕೆನ್ನೆಗೂ ಏಟು ಬೀಳಲ್ಲ. ಅದೇ ಹೊತ್ತಿಗೆ ಇನ್ನೊಂದು ಚಾನೆಲ್‌ನಲ್ಲಿ ನಾನು ನೋಡುವ ಓರಗಿತ್ತಿಯರ ಧಾರಾವಾಹಿ. ಅದರಲ್ಲಿ ಹಾಲಿಗೆ ವಿಷ ಹಾಕುವವರೇ ಮೂವರು. ಮನೆಯಲ್ಲಿ ಇರುವುದು ಒಂದೇ ಟಿವಿ. ದಿನಾ ಜಗಳ.

"ನಿಮ್ಮ ದೋಣಿ ಆಚೆ ದಡ ಮುಟ್ಟೋದರೊಳಗೆ ನನಗೆ ಮುಪ್ಪು ಬರುತ್ತೆ."

"ಬಂದಾಯ್ತಲ್ಲೇ. ಸುಮ್ಮನೆ ಕೂತು ನೋಡು."

ಆಗ ನಮ್ಮ ಮನೆಗೆ ಮೀಟರ್ ಪೆಟ್ಟಿಗೆ ಬಂತು. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆ ಅಂತ ಎಣಿಸುವ ಕಂಪನಿಯದು. ಊರಿನ ಎಲ್ಲ ಮನೆಗೂ ಇಡಲ್ಲ. ಅಲ್ಲೊಂದು ಇಲ್ಲೊಂದು ಆರಿಸಿ ಇಡುತ್ತಾರೆ. ನಾನು ಮಗಳನ್ನು ಕೇಳಿದೆ, "ನಮ್ಮೊಂದು ಮನೆ ನೋಡಿ ಊರಿಗೆಲ್ಲ ಲೆಕ್ಕ ಹೇಗೆ ಹಾಕ್ತಾರೆ?" ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುವವಳು, ನನಗಿಂತ ತಿಳಿದವಳು. "ಅನ್ನ ಬೆಂದಿದೆಯಾ ಅಂತ ನೀನು ಪಾತ್ರೆಯೆಲ್ಲ ಹಿಸುಕ್ತೀಯಾ ಅಮ್ಮ? ಒಂದು ಅಗುಳು ನೋಡ್ತೀಯ. ನಾವು ಆ ಅಗುಳು" ಅಂದಳು.

ಟಿವಿಯಲ್ಲಿ ಏನು ಓಡುತ್ತಿದೆ ಅನ್ನುವುದು ಪೆಟ್ಟಿಗೆಗೆ ತಾನಾಗೇ ಗೊತ್ತಾಗುತ್ತೆ. ಮುಂದೆ ಯಾರು ಕೂತಿದ್ದಾರೆ ಅಂತ ಗೊತ್ತಾಗಲ್ಲ. ಅದಕ್ಕೆ ಬೇರೆ ರಿಮೋಟು, ಒಬ್ಬೊಬ್ಬರಿಗೆ ಒಂದೊಂದು ಗುಂಡಿ. ಒಂದು ಅವರದು, ಎರಡು ನನ್ನದು, ಮೂರು ಮಗಳದು. ಕೂತಾಗ ಒತ್ತಬೇಕು, ಎದ್ದಾಗ ಒತ್ತಬೇಕು. ಒತ್ತಿದರೆ ಪೆಟ್ಟಿಗೆಯಲ್ಲಿ ಒಂದು ಸಣ್ಣ ದೀಪ ಹತ್ತುತ್ತೆ. ಪೆಟ್ಟಿಗೆ ಇರುವುದನ್ನು ಯಾರಿಗೂ ಹೇಳಬಾರದು.

ಇವರಿಗೆ ಮತ್ತೆ ಕೆಲಸಕ್ಕೆ ಸೇರಿದ ಹಾಗಾಯಿತು. ನೀರು ಕುಡಿಯಲು ಎದ್ದರೆ ದೀಪ ಆರಿಸುತ್ತಿದ್ದರು, ಬಂದು ಕೂತು ಹಚ್ಚುತ್ತಿದ್ದರು. ನಾನು ಅಡುಗೆಮನೆಗೆ ಹೋದರೆ, "ಎರಡನೇ ನಂಬರ್ ಇಳಿದರು" ಅಂತ ನನ್ನದೂ ಆರಿಸುತ್ತಿದ್ದರು.

ಫೋನಿನಲ್ಲಿ ದೋಣಿಯವಳ ಅಭಿಮಾನಿಗಳದೊಂದು ಗುಂಪು ಇತ್ತು. ಬಟ್ಟೆ ಹೊಲಿಯುವ ಒಬ್ಬಾಕೆ ಅದನ್ನು ಕಟ್ಟಿದ್ದಳು. ಗುರುವಾರ ಬಂದರೆ ಎಲ್ಲರೂ ಪರೀಕ್ಷೆ ಬರೆದ ಮಕ್ಕಳ ಹಾಗೆ ರೇಟಿಂಗಿಗೆ ಕಾಯುತ್ತಿದ್ದರು. "ನಿಮಗ್ಯಾಕೆ ರೀ ಆ ಉಸಾಬರಿ, ನೋಡಿ ಮಲಗಿ" ಅಂತ ನಾನು ಅಂದರೆ, "ಜನ ಇಲ್ಲ ಅಂದ್ರೆ ರೂಟ್ ತೆಗೀತಾರೆ ಕಣೇ. ಇದ್ದ ನಾಲ್ಕು ಜನ ಎಲ್ಲಿಗೆ ಹೋಗಬೇಕು?" ಅನ್ನುತ್ತಿದ್ದರು. ಆಗ ಆ ಗುಡಿಸುವ ಹೆಂಗಸು ಅವರ ಕಣ್ಣ ಮುಂದೆ ಇದ್ದಳೋ ಏನೋ.

ಅವರು ಬಿದ್ದ ಹೊತ್ತಿಗೆ ಧಾರಾವಾಹಿಯೂ ಬೀಳುತ್ತಿತ್ತು. ಇನ್ನೊಂದೆರಡು ವಾರ ಇಳಿದರೆ ನಿಲ್ಲಿಸುತ್ತಾರೆ ಅಂತ ಸುದ್ದಿ. ಮಂಚದಿಂದ ಟಿವಿ ಕಾಣುತ್ತಿರಲಿಲ್ಲ. ನಡುವೆ ಗೋಡೆ. ನಾನು ಜೋರಾಗಿ ಹಾಕುತ್ತಿದ್ದೆ, ಅವರು ಮಲಗಿ ಕೇಳುತ್ತಿದ್ದರು. ಮೊದಲ ದಿನವೇ ಕೂಗಿ ಹೇಳಿದರು, "ನನ್ನ ದೀಪ ಹಾಕಬೇಡ. ನಾನು ನೋಡ್ತಾ ಇಲ್ಲ, ಬರೀ ಕೇಳ್ತಿದ್ದೀನಿ."

"ಆಯ್ತು" ಅಂದೆ. ಅಂದು, ಒತ್ತಿದೆ.

ಅವರು ಊಟ ಬಿಟ್ಟಿದ್ದರು. ಗೋಡೆ ನೋಡಿಕೊಂಡು ಮಲಗುತ್ತಿದ್ದರು. ಒಂದು ಗುರುವಾರವಾದರೂ ನಗಲಿ ಅಂತ ಒತ್ತಿದೆ. ನನ್ನದೂ ಒತ್ತಿದೆ, ಕೆಲಸದಿಂದ ಬಾರದ ಮಗಳದೂ ಒತ್ತಿದೆ. ಒತ್ತಿ ಅಡುಗೆಮನೆಗೆ ಹೋಗುತ್ತಿದ್ದೆ. ನನಗೆ ಆ ದೋಣಿ ನೋಡಲು ಆಗುತ್ತಿರಲಿಲ್ಲ. ಹಾಲ್ ಖಾಲಿ, ಮೂರು ದೀಪ. ದಿನಾ ಹಾಗೇ ಮಾಡಿದೆ. ಆ ಗುರುವಾರ ಏರಿತು.

ಅದೇ ಮಧ್ಯಾಹ್ನ ಪೆಟ್ಟಿಗೆ ನೋಡಿಕೊಳ್ಳುವ ಮೀಟರಿನವರು ಬಂದರು. ಮಂಡಿನೋವಿನ ಮನುಷ್ಯ, ಮೆಟ್ಟಿಲು ಹತ್ತಿದರೆ ಮೊದಲು ನೀರು ಕೇಳುತ್ತಿದ್ದರು. ಕುಡಿದು ಲೋಟ ಕೆಳಗಿಟ್ಟು ಕೇಳಿದರು.

"ಅಮ್ಮಾ, ನಿಮ್ಮ ಮನೇಲಿ ಮೂರೂ ದೀಪ ಒಟ್ಟಿಗೆ ಹತ್ತುತ್ತೆ, ಒಟ್ಟಿಗೆ ಆರುತ್ತೆ. ಮೊದಲು ಯಜಮಾನರು ಗಳಿಗೆಗೊಂದು ಸಲ ಏಳ್ತಿದ್ರು. ಈಗ ನೀರು ಕುಡಿಯೋಕೂ ಏಳಲ್ವಾ?"

"ಕಥೆ ಚೆನ್ನಾಗಿದೆಯಲ್ಲ" ಅಂದೆ.

"ಮೂರೂ ಜನ ಕೂತು ನೋಡ್ತೀರಾ?"

"ನೋಡ್ತೀವಿ."

"ಎಲ್ಲಿ ಯಜಮಾನರು? ಒಂದು ಮಾತಾಡಿಸಿ ಹೋಗ್ತೀನಿ."

ಮಲಗಿದ್ದಾರೆ ಅಂದರೆ ಒಳಗೆ ಹೋಗುತ್ತಾರೆ. ಹೋದರೆ ಇವರು ನಿಜ ಹೇಳುತ್ತಾರೆ. ನನ್ನ ಬಾಯಿಗೆ ಬಂದದ್ದು ಅಂದೆ.

"ವಾಕಿಂಗ್ ಹೋಗಿದ್ದಾರೆ."

ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಗಂಡ ಅಲ್ಲಿ ಎದ್ದು ಕೂರಲಾಗದೆ ಮಲಗಿದ್ದಾನೆ, ನಾನು ಇಲ್ಲಿ ಅವನನ್ನು ವಾಕಿಂಗ್ ಕಳಿಸಿದ್ದೇನೆ. ಅವರು ಕೂಗುತ್ತಾರೆ ಅಂತ ಕಾದೆ. ಕೂಗಲಿಲ್ಲ. ದಿನವಿಡೀ ಕೆಮ್ಮುವವರು, ಮೀಟರಿನವರು ಮೆಟ್ಟಿಲಿಳಿಯುವವರೆಗೆ ಒಂದು ಸಲವೂ ಕೆಮ್ಮಲಿಲ್ಲ. ಆಮೇಲೆ ಕೆಮ್ಮಿದರು ನೋಡಿ, ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂತು.

ನೀರು ತೆಗೆದುಕೊಂಡು ಹೋದೆ. ಕುಡಿದು, ಸೂರು ನೋಡುತ್ತಾ ಅಂದರು, "ವಾಕಿಂಗ್ ಮುಗಿಸಿ ಬಂದೆ ಕಣೇ. ಕಾಲು ಬಹಳ ನೋಯ್ತಿದೆ."

ನಗಲು ಆಗಲಿಲ್ಲ. ಅಳಲೂ ಆಗಲಿಲ್ಲ.

"ಬಯ್ಯಿರಿ" ಅಂದೆ.

"ಏನಂತ ಬಯ್ಯಲಿ? ಚೆಕಿಂಗ್ ಬಂದಾಗ ನಾನೂ ಬಾಯಿ ಮುಚ್ಚಿಕೊಂಡೆ." ಲೋಟ ನನ್ನ ಕೈಗಿಟ್ಟು ಕೇಳಿದರು, "ಎಷ್ಟು ದಿನದಿಂದ?"

"ನೀವು ಬೇಡ ಅಂದ ದಿನದಿಂದ."

"ಹಂ." ಬೆಳಿಗ್ಗೆಯ ನಗು ಎಲ್ಲಿ ಹೋಯಿತೋ. "ಹಾಗಾದ್ರೆ ಜನ ಹತ್ತಲಿಲ್ಲ."

"ನಮ್ಮದು ಒಂದು ಮನೆ ರೀ. ಬೇರೆಯವರೂ ನೋಡಿರಬಹುದು."

"ಇರಬಹುದು. ಇನ್ನು ಹೇಗೆ ಗೊತ್ತಾಗಬೇಕು?"

ಆ ಸಂಜೆ ನಾನು ಟಿವಿ ಹಾಕಲೇ ಇಲ್ಲ. ನಾಚಿಕೆಗೆ ಸಿಟ್ಟು ಸೇರಿತ್ತು. ನಾನು ಯಾರಿಗಾಗಿ ಮಾಡಿದೆ ಅಂತ ಸಿಟ್ಟು. ಹೊತ್ತಾದಾಗ ಒಳಗಿಂದ ಕೇಳಿದರು, "ಲೇ, ಇವತ್ತು ದೋಣಿ ಇಲ್ವಾ?" ಅಡುಗೆಮನೆಯಿಂದಲೇ "ಇಲ್ಲ" ಅಂದೆ. ಅವರು ಮತ್ತೆ ಕೇಳಲಿಲ್ಲ.

ಬೆಳಿಗ್ಗೆ ಗಡ್ಡದ ಇನ್ನರ್ಧ ಹೆರೆಯೋಣ ಅಂತ ಬಿಸಿನೀರು ಹಿಡಿದು ಹೋದೆ. ಅವರು ಹೋಗಿಬಿಟ್ಟಿದ್ದರು. ನಿದ್ದೆಯಲ್ಲೇ ಹೃದಯ ನಿಂತಿದೆ ಅಂದರು ಡಾಕ್ಟರು. ನನ್ನ ಸುಳ್ಳಿಗೂ ಅದಕ್ಕೂ ಸಂಬಂಧವಿಲ್ಲ ಅಂತ ಮಗಳು ನೂರು ಸಲ ಹೇಳಿದಳು. ಇರಲಿಕ್ಕಿಲ್ಲ. ಆದರೆ ಅವರು ಕೊನೆಗೆ ಕೇಳಿದ್ದು ಒಂದು ದೋಣಿ. ನಾನು ಇಲ್ಲ ಅಂದೆ.

ಸುದ್ದಿ ತಿಳಿದು ಮೀಟರಿನವರು ಬಂದರು, ಒಂದನೇ ಗುಂಡಿಯ ಹೆಸರು ತೆಗೆಯಲು. ಎಲ್ಲ ಹೇಳಿದೆ. ಅವರು ಮಂಡಿ ನೀವಿಕೊಂಡರು.

"ಇದನ್ನ ನಾನು ಮೇಲೆ ತಿಳಿಸಬೇಕಾಗುತ್ತೆ ಅಮ್ಮಾ. ಪೆಟ್ಟಿಗೆ ತೆಗೀಬೇಕಾಗುತ್ತೆ."

"ತೆಗೀರಿ. ಆ ವಾರದ್ದನ್ನ ಅಳಿಸೋಕಾಗುತ್ತಾ?"

"ಹೊರಗೆ ಹೋಗಿದ್ದು ಹೋಯ್ತು. ಅಷ್ಟಕ್ಕೂ ನಿಮ್ಮೊಂದು ಮನೆಯಿಂದ ಏರಿತು ಅಂತ ಹೇಳೋಕಾಗಲ್ಲ."

"ಏರಲಿಲ್ಲ ಅಂತ ಹೇಳ್ತೀರಾ?"

"ಅದನ್ನೂ ಹೇಳೋಕಾಗಲ್ಲ" ಅಂದರು. ಒಳ್ಳೆಯ ಮನುಷ್ಯ. ಸಮಾಧಾನಕ್ಕಾದರೂ ಒಂದು ಸುಳ್ಳು ಹೇಳಲಿಲ್ಲ.

ಧಾರಾವಾಹಿ ಮುಂದುವರಿಯಿತು. ಹೊಲಿಗೆಯವಳು ಫೋನ್ ಮಾಡಿ ಅತ್ತಳು. "ಅಣ್ಣ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರು ಅಕ್ಕಾ. ನಾವೆಲ್ಲ ಸೇರಿ ಉಳಿಸಿಕೊಂಡ್ವಿ." ಪೆಟ್ಟಿಗೆ ಹೋಗಿತ್ತಲ್ಲ, ಅವಳಿಗೂ ಹೇಳಿದೆ.

"ಹಾಗಾದ್ರೆ ನಾವು ಇಷ್ಟು ವರ್ಷ ದಿನಾ ತಪ್ಪದೆ ನೋಡಿದ್ದು?" ಅಂದಳು. "ಪೆಟ್ಟಿಗೆ ಇಲ್ಲ ಅಂತ ನಮ್ಮನ್ನ ಯಾರೂ ಎಣಿಸಲಿಲ್ಲ. ನೀವು ನೋಡದೇ ಇದ್ರೂ ಲೆಕ್ಕಕ್ಕೆ ಬಂದ್ರಿ."

ಅವಳು ಫೋನ್ ಇಟ್ಟಳು.

ಈಗ ದೋಣಿಯವಳ ಹಿಂದಿನ ಸಂಜೆಯ ಕಂತನ್ನು ಬೆಳಿಗ್ಗೆ ಮತ್ತೊಮ್ಮೆ ಹಾಕುತ್ತಾರೆ. ಮಗಳು ಕೆಲಸಕ್ಕೆ ಹೋದ ಮೇಲೆ ಒಣಬಟ್ಟೆಯಲ್ಲಿ ಟಿವಿಯ ಗಾಜು ಒರೆಸಿ, ಹಾಕಿ, ಎದುರಿಗೆ ಕೂರುತ್ತೇನೆ. ಬಿಡಿಸಲು ಕೈಯಲ್ಲಿ ಸೊಪ್ಪು ಬೆಳ್ಳುಳ್ಳಿ ಏನೂ ಇಟ್ಟುಕೊಳ್ಳಲ್ಲ. ಖಾಲಿ ಹಾಲಿನಲ್ಲಿ ಎಷ್ಟು ಸಂಜೆ ಓಡಿಸಿದೆನೋ, ಲೆಕ್ಕ ಹಾಕಿಲ್ಲ. ಹಾಕಿದರೆ ಒಂದು ದಿನ ಅಷ್ಟೂ ನೋಡಿ ತೀರಿಸಿದೆ, ಮುಗಿಯಿತು ಅನ್ನಿಸೀತು. ನನ್ನನ್ನು ಎಣಿಸಲು ಈಗ ಏನೂ ಇಲ್ಲ. ನಿನ್ನೆ ದೋಣಿಯವಳು ಒಬ್ಬ ಮುದುಕನನ್ನು ಹತ್ತಿಸಿಕೊಂಡಳು. ಅವನು ಬಾಯೇ ಬಿಡಲಿಲ್ಲ, ಅವಳೂ ಕೇಳಲಿಲ್ಲ, ನೀರು ನೋಡುತ್ತಾ ಕೂತರು. ನನಗೆ ಇವತ್ತಿಗೂ ಅದು ಬೇಜಾರೇ. ಬಾಯಾರಿದರೂ ಮುಗಿಯುವವರೆಗೆ ಏಳಲ್ಲ.