ಸೋಸುವ ಗಡಿಗೆ ಮತ್ತು ಅಕ್ಕನ ಮೀನುಗಳು

ಅಕ್ಕನ ಮೀನುಗಳು ಪಕ್ಕದ ಮನೆಯಾಕೆಯ ದೃಷ್ಟಿ ತಾಗಿ ಸತ್ತವು ಎಂದೇ ನಮ್ಮ ಮನೆಯವರೆಲ್ಲ ಹೇಳುವುದು. ಆಕೆ ಬೆಳಿಗ್ಗೆ ನೋಡಿದರು, ಸಂಜೆಗೆ ಮೀನು ಸತ್ತವು; ಆದ್ದರಿಂದ ನೋಡಿದ್ದೇ ಕಾರಣ! ಶಿವಮೊಗ್ಗೆಯ ಕಾಲೇಜಿನ ಚರ್ಚಾಕೂಟದಲ್ಲಿ ಇಂಥ ವಾದ ಹೂಡಿದವನನ್ನು ನಾನು ಎರಡು ನಿಮಿಷದಲ್ಲಿ ಕೂರಿಸುತ್ತಿದ್ದೆ. ಅದೇ ಬೆಳಿಗ್ಗೆ ಹಾಲಿನವನೂ ನೋಡಿದ್ದನಲ್ಲ? ಆದರೆ ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ.

ವಿಶಾಲ ಮೈಸೂರು ರಾಜ್ಯವಾದ ಮರುವರ್ಷ ಅಕ್ಕ ಹೆರಿಗೆಗೆಂದು ಸೊರಬದಿಂದ ಶಿಕಾರಿಪುರದ ನಮ್ಮ ಮನೆಗೆ ಬರುವಾಗ, ಗದ್ದೆಯ ಕಾಲುವೆಯಲ್ಲಿ ಹಿಡಿಸಿದ ಬೆರಳುದ್ದದ ಐದು ಮೀನುಗಳನ್ನು ತಂಬಿಗೆಯಲ್ಲಿ ತಂದಿದ್ದಳು. ಫೋಟೋಕ್ಕೆ ಕಟ್ಟು ಹಾಕುವವನಿಂದ ಗಾಜಿನ ತೊಟ್ಟಿ ಮಾಡಿಸಿದೆವು. ಮೀನು ಮುಟ್ಟದ ಮನೆಯಲ್ಲಿ ಮೀನು ಸಾಕುವುದು ಕೇರಿಗೆಲ್ಲ ತಮಾಷೆ. “ಸಾರು ಯಾವಾಗ್ರೀ?” ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಕೂಸಿನೊಂದಿಗೆ ಹೊರಟಾಗ ಅಕ್ಕ ನನಗೆ ಹೇಳಿದಳು, “ದಸರಾಕ್ಕೆ ಬಂದು ಒಯ್ತೀನಿ. ಒಂದು ಕಮ್ಮಿ ಆದ್ರೂ ನಿನ್ನ ಬಿಡಲ್ಲ ನೋಡು.”

ದಿನಾ ನೀರು ಬದಲಿಸುತ್ತಿದ್ದ ಅಕ್ಕ ಹೋದ ಎಂಟು ದಿನಕ್ಕೆ ನೀರು ಗಂಜಿಯಂತಾಯಿತು, ವಾಸನೆ ಬೇರೆ. ಬಟ್ಟೆಯಲ್ಲಿ ಸೋಸಿದರೆ ಪ್ರಯೋಜನವಾಗಲಿಲ್ಲ. ಗಡಿಗೆಯ ತಳಕ್ಕೆ ತೂತು ಕೊರೆದು ಬಟ್ಟೆ ಹಾಸಿ, ಮೇಲೆ ಮರಳು, ಇದ್ದಿಲು, ಹರಳುಕಲ್ಲು ತುಂಬಿದೆ. ರಬ್ಬರ್ ನಳಿಗೆಯಲ್ಲಿ ತೊಟ್ಟಿಯ ನೀರು ಅದಕ್ಕೆ ಇಳಿಯಬೇಕು, ಕೆಳಗಿನ ಕೊಳಗದಲ್ಲಿ ತೊಟ್ಟಿಕ್ಕಿದ್ದನ್ನು ನಾನು ಮತ್ತೆ ತೊಟ್ಟಿಗೆ ಸುರಿಯಬೇಕು. ಇಪ್ಪತ್ತು ದಿನಕ್ಕೆ ತೊಟ್ಟಿಯಾಚೆಯ ಗೋಡೆಯ ಬಿರುಕೂ ಕಾಣುವಷ್ಟು ನೀರು ತಿಳಿಯಾಯಿತು.

ಅಲ್ಲಿಗೆ ಸುಮ್ಮನಿರಬೇಕಿತ್ತು. ಕೂತಲ್ಲಿ ಕೂರಲಾಗದ ಜಾತಿ ನನ್ನದು. ಒಂದು ಬೆಳಿಗ್ಗೆ ಮರಳಿನ ಮೇಲೆ ಕಂದು ಲೋಳೆ ಕಟ್ಟಿದ್ದು ಕಂಡು ಅಸಹ್ಯವಾಯಿತು. ರೇಷ್ಮೆ ಸೀರೆ ಒಗೆಯಲು ಅವ್ವ ಬಚ್ಚಲಲ್ಲಿ ಅಂಟುವಾಳ ನೆನೆಹಾಕಿದ್ದಳು. ಮರಳು, ಬಟ್ಟೆ ಎರಡನ್ನೂ ಅದರಲ್ಲೇ ಉಜ್ಜಿ, ಎರಡು ನೀರು ಹಾಕಿ ಗಡಿಗೆಗೆ ತುಂಬಿದೆ. ಸೋಸಿದ ನೀರು ನೊರೆನೊರೆಯಾಗಿ ಬಿತ್ತು.

“ಏನೋ ಇದು ಬುರುಗು?” ಎಂದಳು ಅವ್ವ.

“ಚೊಕ್ಕ ಆತು ಅನ್ನೋದಕ್ಕ ಗುರುತು,” ಎಂದು ಅದನ್ನೂ ತೊಟ್ಟಿಗೆ ಸುರಿದೆ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದು, “ಏನ್ ಚೆಂದ ಅದಾವ್ರೀ!” ಎಂದು ಗಾಜಿಗೆ ಮೂಗು ತಾಗಿಸಿ ನಿಂತರು. ಮಧ್ಯಾಹ್ನಕ್ಕೆ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ದೀಪ ಹಚ್ಚುವ ಹೊತ್ತಿಗೆ ಐದೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. “ಆಕಿ ಕಣ್ಣು!” ಎಂದಳು ಅವ್ವ.

ದಸರಾಕ್ಕೆ ಬಂದ ಅಕ್ಕ ಆಕೆಯ ಮುಖ ನೋಡಲಿಲ್ಲ, ಕೂಸನ್ನೂ ತೋರಿಸಲಿಲ್ಲ. ಹೆರಿಗೆಯ ದಿನ ಅಕ್ಕನ ಸೊಂಟ ನೀವುತ್ತ ಕೂತವರು ಅದೇ ಹೆಂಗಸು. ಬಾಗಿಲವರೆಗೆ ಬಂದ ಆಕೆ ಹಾಗೇ ತಿರುಗಿ ಹೋದರು. ಇಂದಿಗೂ ನಮ್ಮ ಹೊಸಿಲು ತುಳಿದಿಲ್ಲ.

ಹೋದ ವಾರ ಸೊರಬಕ್ಕೆ ಹೋಗಿದ್ದಾಗ ಅಕ್ಕನ ಮನೆಯ ಗದ್ದೆ ಕೆಲಸದ ಮುದುಕನಿಗೆ ಇದನ್ನೆಲ್ಲ ಹೇಳಿದೆ. ಆತ ನಕ್ಕುಬಿಟ್ಟ.

“ಅಂಟುವಾಳವಾ? ಹಳ್ಳದ ಮಡುವಿಗೆ ಅದನ್ನ ಕುಟ್ಟಿ ಹಾಕಿದ್ರೆ ಮೀನೆಲ್ಲ ತಲೆ ತಿರುಗಿ ತೇಲ್ತಾವೆ ಮಾರಾಯ್ರೆ. ಮೀನು ತಿನ್ನೋರ ಮನೆ ಹುಡುಗ್ರಿಗೂ ಗೊತ್ತು!”

ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನನ್ನೇ ಪಾಟೀಸವಾಲಿಗೆ ನಿಲ್ಲಿಸಿಕೊಂಡೆ. ಅಂಟುವಾಳ ವಿಷವೆಂದು ಗೊತ್ತಿರಲಿಲ್ಲ, ಸರಿ. ಆದರೆ ಮರಳು ತೊಳೆದ ದಿನವೇ ಮೀನು ಸತ್ತದ್ದು ಗೊತ್ತಿತ್ತಲ್ಲ? ದೃಷ್ಟಿಯನ್ನು ನಂಬದವನು ಆ ದೃಷ್ಟಿಯ ಮರೆಯಲ್ಲೇ ಕೂತಿದ್ದೆ.

ಮನೆಗೆ ಬಂದವನೇ ಮುದುಕನ ಮಾತನ್ನು ಅವ್ವನಿಗೆ ಹೇಳಿದೆ. ಅವಳು ಕಾಳು ಆರಿಸುತ್ತಿದ್ದಳು. ಮೊರವನ್ನು ಇನ್ನೊಮ್ಮೆ ಕೇರಿದಳು.

“ಅವ್ವಾ, ಬೈಬೇಕಾದ್ದು ನನ್ನ. ನೀ ಆಕಿ ಹೆಸರು ಹೇಳಿದ್ದು ಖರೇನ ನಂಬಿಯೋ, ಇಲ್ಲ ಅಕ್ಕನ ಕೈಯಿಂದ ನನ್ನ ಉಳಿಸಾಕೋ?”