ಶಿವಲೀಲಾ ಬಚ್ಚಿಟ್ಟ ಸಿಲಿಂಡರ್

ಇರಕಲ್ಲಗಡದ ಆ ಮನೆ ಅಣ್ಣತಮ್ಮಂದಿರಲ್ಲಿ ಪಾಲಾದಾಗ ಹಿಂದಿನ ಅಂಗಳ ತಮ್ಮ ಪ್ರಭುರಾಜನ ಕಡೆ ಹೋಯಿತು. ಅಣ್ಣ ಕರಿಬಸಪ್ಪ ತಕರಾರು ಮಾಡಲಿಲ್ಲ. ರಸ್ತೆ ಕಡೆಯ ಭಾಗ ಅವನ ಶೇಂಗಾ ವ್ಯಾಪಾರಕ್ಕೆ ಅನುಕೂಲವಾಗಿತ್ತು. ಅವನ ಹೆಂಡತಿ ಶಿವಲೀಲಾಗೆ ಮಾತ್ರ ಆ ಅಂಗಳ ಕಣ್ಣಲ್ಲಿ ಕಸ ಬಿದ್ದ ಹಾಗಾಯಿತು.

ನೆಗೆಣ್ಣಿ, ಅಂದರೆ ಪ್ರಭುರಾಜನ ಹೆಂಡತಿ ಪಂಪಾವತಿ ಅಲ್ಲಿ ಮಲ್ಲಿಗೆ ಹಬ್ಬಿಸಿದಳು. ಗ್ಯಾಸ್ ಸಿಲಿಂಡರನ್ನೂ ಹೊರಗೆ ನೆರಳಿನಲ್ಲಿ ನಿಲ್ಲಿಸಿ, ಗೋಡೆಯ ಮೂಲಕ ಒಳಗೆ ಪೈಪು ಹಾಕಿಸಿದಳು.

"ಸೋರಿದ್ರ ಗಾಳಿಗೆ ಹೋಗ್ತೈತ್ರಿ ಅಕ್ಕಾರ," ಎಂದಳು.

ಶಿವಲೀಲಾ ಗಂಡನ ಮುಂದೆ ಕುದ್ದಳು: "ಅಕಿ ಸಿಲಿಂಡರಿಗೂ ಅಂಗಳ ಐತಿ. ನಾ ಈ ಕತ್ತಲ ಖೋಲ್ಯಾಗ ಬೇಯಬೇಕು."

ಪಂಪಾವತಿಯ ಬಸುರಿ ಮಗಳ ಕುಬುಸದ ದಿನ, ಹೋಳಿಗೆ ಅರ್ಧ ಆಗಿರುವಾಗ ಗ್ಯಾಸ್ ಮುಗಿಯಿತು. ಅವಳು ಓಡಿ ಬರುವುದನ್ನು ಶಿವಲೀಲಾ ಕಿಟಕಿಯಲ್ಲಿ ಕಂಡಳು. ಹೆಚ್ಚುವರಿಯಾಗಿ ಇಟ್ಟಿದ್ದ ತುಂಬಿದ ಸಿಲಿಂಡರನ್ನು ಗಡಬಡಿಸಿ ಕಾಳಿನ ಕೋಣೆಗೆ ಉರುಳಿಸಿ, ಮಲಗಿಸಿ, ಮೇಲೆ ಜೋಳದ ಚೀಲ ಕೆಡವಿ ಬಾಗಿಲು ಮುಚ್ಚಿದಳು.

"ನಮ್ದೂ ಖಾಲಿ ಆಗೈತವ್ವ," ಎಂದಳು ಸಿಲಿಂಡರ್ ಕೇಳಿದವಳಿಗೆ.

ಪಂಪಾವತಿ ಅಂಗಳದಲ್ಲೇ ಮೂರು ಕಲ್ಲು ಹೂಡಿ ಕಟ್ಟಿಗೆ ಹಚ್ಚಿದಳು. ಬೀಗರು ಬಾಯಿ ತುಂಬ ಹೊಗಳಿದರು: ಕಟ್ಟಿಗೆ ಒಲೆಯ ಹೋಳಿಗೆಯ ರುಚಿಯೇ ಬೇರೆ! ಶಿವಲೀಲಾ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದಳು.

ಮರುದಿನ ಬೆಳಿಗ್ಗೆ ಜೋಳ ತೆಗೆಯಲು ಕೋಣೆಯ ಬಾಗಿಲು ತೆರೆದಳು. ಒಳಗಿಂದ ಕೆಟ್ಟ ವಾಸನೆ ರಪ್ಪೆಂದು ಬಡಿಯಿತು. ಕಿಟಕಿಯಿಲ್ಲದ ಕೋಣೆ, ಕೈ ತಾನಾಗಿ ಲೈಟಿನ ಸ್ವಿಚ್ಚಿನತ್ತ ಹೋಯಿತು.

"ಮುಟ್ಟಬ್ಯಾಡ್ರಿ ಅಕ್ಕಾರ!"

ಮಿಕ್ಕ ಹೋಳಿಗೆ ಕೊಡಲು ಬಂದಿದ್ದ ಪಂಪಾವತಿ ಹೊಸ್ತಿಲಲ್ಲಿ ನಿಂತಿದ್ದಳು. ತಟ್ಟೆ ಇಟ್ಟು, ಎಲ್ಲ ಬಾಗಿಲು ತೆರೆದಳು. "ಗ್ಯಾಸು ನೆಲಕ್ಕ ಕುಂತಿರತೈತ್ರಿ. ಒಂದ್ ಕಿಡಿ ಸಾಕು."

ಚೀಲ ಸರಿಸಿದಾಗ ಸಿಲಿಂಡರಿನ ಬಾಯಿಯಿಂದ ಸುಸ್ ಎನ್ನುವ ಸದ್ದು. ಬಾಯಿಗೆ ಹಾಕುವ ಮುಚ್ಚಳ, ಉರುಳಿಸುವಾಗ ಕಳಚಿತ್ತೇನೋ, ಇರಲಿಲ್ಲ. ತುಂಬಿದ ಸಿಲಿಂಡರನ್ನು ಪಂಪಾವತಿ ನೋಡಿದಳು, ಶಿವಲೀಲಾಳನ್ನೂ ನೋಡಿದಳು. ಇಬ್ಬರೂ ಹಿಡಿದು ಎತ್ತಿ ಅಂಗಳಕ್ಕೆ ಒಯ್ದು ನೆಟ್ಟಗೆ ನಿಲ್ಲಿಸಿದರು. ಏಜೆನ್ಸಿಗೆ ಫೋನು ಮಾಡಿದರು. ಅಲ್ಲಿಂದ ಬಂದ ಹುಸೇನಬಾಷಾ ಮುಚ್ಚಳ ಹಾಕಿ ಸೋರಿಕೆ ನಿಲ್ಲಿಸಿ, "ಮಲಗಿಸಿ ಇಡಬ್ಯಾಡ್ರಿ, ಮುಚ್ಚಿದ ಖೋಲ್ಯಾಗಂತೂ ಬ್ಯಾಡ್ರಿ," ಎಂದು ಸಿಲಿಂಡರ್ ಒಯ್ದ.

ಅವನು ಹೋದ ಮೇಲೆ ಪಂಪಾವತಿ ಕೇಳಿದಳು: "ನಿನ್ನೆ ಯಾಕ ಇಲ್ಲ ಅಂದ್ರಿ?"

"ಹೊಟ್ಟಿಕಿಚ್ಚಿಗೆ," ಎಂದಳು ಶಿವಲೀಲಾ. "ಅಂಗಳ ನಿನಗ ಬಂತಲ್ಲ, ಅವತ್ತಿಂದ."

ಪಂಪಾವತಿಯ ಮುಖ ಕೆಂಪಾಯಿತು. ಅಂಗಳದ ನೆರಳಿನತ್ತ ಕೈ ತೋರಿಸಿ ಹೇಳಿದಳು: "ನಿಮ್ಮ ಸಿಲಿಂಡರೂ ಇಲ್ಲೇ ನಿಲ್ಲಸ್ರಿ. ನಡುಗೋಡಿಗೆ ಪೈಪಿನಷ್ಟು ತೂತು ಹೊಡಸೂಣು."

ಆ ವಾರವೇ ಪೈಪು ಬಂತು. ಶಿವಲೀಲಾಗೆ ನಿಶ್ಚಿಂತೆಯಾಯಿತು. ಆದರೂ ಪಂಪಾವತಿ ಅಷ್ಟು ಸಲೀಸಾಗಿ ಜಾಗ ಕೊಟ್ಟುಬಿಟ್ಟಳಲ್ಲ, ತನ್ನಿಂದ ಅದು ಆಗುತ್ತಿತ್ತೇ ಎಂದು ಒಳಗೊಳಗೆ ಸಣ್ಣಗೆ ಉರಿಯುತ್ತಲೇ ಇತ್ತು.