ಎಪ್ಪಿಂಗ್‌ನ ಕಾಮಾಲೆಗೆ ನಾನು ಹೊಣೆಯೇ?

ಮೆಲ್ಬರ್ನ್‌ನಲ್ಲಿ ಮಗನ ಮನೆಯಲ್ಲಿ ಒಂದು ತಿಂಗಳಿದ್ದು, ಮಗಳು ವಿದ್ಯಾಳ ಬಾಣಂತನಕ್ಕೆಂದು ಸಿಡ್ನಿಯ ರೈಲು ಹತ್ತಿದೆ. ಹನ್ನೊಂದು ಗಂಟೆಯ ದಾರಿ. ವಿಮಾನದಲ್ಲಿ ಒಂದೂವರೆ ಗಂಟೆಯಂತೆ. ದೇಶ ನೋಡಬೇಕೆಂಬ ಹಟ ನನ್ನದು. ನೋಡಿದ್ದು ಒಣಹುಲ್ಲು ಮತ್ತು ಕುರಿ. ಡಬ್ಬಿಯ ಚಿತ್ರಾನ್ನ ಬೇಗ ಮುಗಿಯಿತು, ಆಮೇಲೆ ರೈಲಿನ ಸಪ್ಪೆ ಸ್ಯಾಂಡ್‌ವಿಚ್ಚೇ ಗತಿ.

ಸಿಡ್ನಿಯ ಎಪ್ಪಿಂಗ್‌ನಲ್ಲಿರುವ ವಿದ್ಯಾಳ ಅಪಾರ್ಟ್‌ಮೆಂಟಿಗೆ ಬಂದು ಮೂರು ವಾರವಾಗಿತ್ತು. ಅಳಿಯ ಕಿರಣನಿಗೆ ಊಟ ಸೇರದಾಯಿತು, ಕಣ್ಣು ಹಳದಿಯಾಯಿತು. ಉಡುಪಿಯವಳಿಗೆ ಕಾಮಾಲೆ ಗೊತ್ತಾಗುವುದಿಲ್ಲವೇ? ನಾನೇ ಡಾಕ್ಟರ ಹತ್ತಿರ ಅಟ್ಟಿದೆ. ಅವರು ರಕ್ತ ಪರೀಕ್ಷೆ ಮಾಡಿಸಿ ಹೆಪಟೈಟಿಸ್ ಇ ಎಂದರು. ಅದು ಆ ದೇಶದ ಕಾಯಿಲೆಯೇ ಅಲ್ಲವಂತೆ, ಇಂಡಿಯಾದ ಕೊಳಕು ನೀರಿನದಂತೆ. ಕಿರಣ ಐದು ವರ್ಷದಿಂದ ಊರಿಗೆ ಹೋಗಿಲ್ಲ ಎಂದರೆ, ಅವರ ಕಣ್ಣು ಸೀದಾ ನನ್ನ ಮೇಲೆ! ನಾನೋ ಗುಂಡುಕಲ್ಲಿನ ಹಾಗಿದ್ದೆ. ನನ್ನ ರಕ್ತವನ್ನೂ ತೆಗೆದರು. ವರದಿ ಬರುವವರೆಗೆ ಕಾಯುವ ತಾಳ್ಮೆ ಯಾರಿಗಿದೆ?

ಬಸುರಿಯರಿಗೆ ಇದು ಅಪಾಯ ಎಂದೂ ಡಾಕ್ಟರು ಹೇಳಿದ್ದರು. ಅಷ್ಟೇ, ನಾನು ಊರಿಂದ ತಂದ ಮಿಡಿ ಉಪ್ಪಿನಕಾಯಿ ಕಸದ ಬುಟ್ಟಿ ಸೇರಿತು. ಅದನ್ನು ನಾವು ಮೂವರೂ ತಿಂದಿದ್ದೆವಲ್ಲ ಎಂದರೆ ಕೇಳುವವರಿಲ್ಲ. ಅಡುಗೆಮನೆ ನನಗೆ ಬಂದ್.

"ಅಮ್ಮ, ನೀನು ಅಣ್ಣನ ಮನೇಲೇ ಇರು. ಟ್ರೈನ್ ಬುಕ್ ಮಾಡಿದ್ದೀನಿ," ಎಂದಳು ವಿದ್ಯಾ, ನನ್ನ ಮುಖ ನೋಡದೆ.

ಬಾಣಂತನಕ್ಕೆ ಬಂದವಳನ್ನು ಹೆರಿಗೆಗೆ ಮೊದಲೇ ಓಡಿಸುವುದೇ!

ಹೊರಡುವ ದಿನ ಮಳೆ. ಕಿರಣನಿಗೆ ಏಳಲಾಗುತ್ತಿರಲಿಲ್ಲ. ನಾರ್ತ್ ಸಿಡ್ನಿಯ ಅವನ ಆಫೀಸಿನ ಗೆಳೆಯ ಗ್ರೆಗ್ ನನ್ನನ್ನು ಸ್ಟೇಷನ್ನಿಗೆ ಬಿಡಲು ಕಾರು ತಂದಿದ್ದ. ಒಂದು ಪೆಟ್ಟಿಗೆ ಎತ್ತಿಡುವಷ್ಟರಲ್ಲಿ ಆ ಗಟ್ಟಿಮುಟ್ಟಾದ ಬಿಳಿಯ ಏದುಸಿರು ಬಿಟ್ಟ. ಮುಖ ನೋಡಿದೆ. ಕಣ್ಣಿನ ನೀಲಿಯ ಸುತ್ತ ಅರಿಸಿನ ಹಚ್ಚಿದ ಹಾಗೆ ಹಳದಿ.

"ವಿದ್ಯಾ, ಇವನಿಗೂ ಕಾಮಾಲೆ ಕಣೇ! ಡಾಕ್ಟರ ಹತ್ರ ಹೋಗೋಣ ಅನ್ನು."

"ಅಮ್ಮ, ಟ್ರೈನ್ ಮಿಸ್ ಆಗತ್ತೆ!"

"ಹಾಳಾಗಿ ಹೋಗ್ಲಿ ನಿನ್ನ ಟ್ರೈನು!"

ಕಾರು ಸ್ಟೇಷನ್ನಿಗಲ್ಲ, ಕಿರಣನನ್ನು ನೋಡಿದ್ದ ಡಾಕ್ಟರ ಹತ್ತಿರ ಹೋಯಿತು. ಕುಡಿಯುವುದು ಬಿಡು ಎಂದಷ್ಟೇ ಹೇಳಿ ಗ್ರೆಗ್‌ನ ಡಾಕ್ಟರು ಮೊದಲೇ ಅವನನ್ನು ಕಳಿಸಿದ್ದರಂತೆ. ನಮ್ಮ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಇಂಡಿಯಾಕ್ಕೆ ಹೋಗಿದ್ದೆಯಾ? ಗ್ರೆಗ್ ಪಾಸ್‌ಪೋರ್ಟನ್ನೇ ಮಾಡಿಸಿದವನಲ್ಲ. ನನ್ನ ಕೈಯಡುಗೆ ಉಂಡವನೂ ಅಲ್ಲ. ಆಗ ಡಾಕ್ಟರು, ನೀನೂ ಕಿರಣನೂ ಒಟ್ಟಿಗೆ ಏನಾದರೂ ತಿಂದಿದ್ದಿರಾ ಎಂದು ಕೇಳಿದರು. ಅಂತೂ ಇಂತೂ ಕೇಳಿದರಪ್ಪ! ನಾನು ಸಿಡ್ನಿಗೆ ಕಾಲಿಡುವ ಮೊದಲು, ಆಫೀಸಿನ ಪಿಕ್ನಿಕ್ಕಿನಲ್ಲಿ, ಇಬ್ಬರೂ ಅರ್ಧ ಬೆಂದ ಹಂದಿಯ ಲಿವರ್ ತಿಂದಿದ್ದರು.

ವಾರದ ಮೇಲೆ ವರದಿ ಬಂತು. ಗ್ರೆಗ್‌ಗೂ ಅದೇ ಕಾಯಿಲೆ, ನನ್ನ ರಕ್ತದಲ್ಲಿ ಏನೂ ಇಲ್ಲ. ಇಲ್ಲಿನ ಹಂದಿಮಾಂಸದಿಂದಲೂ ಬಂದಿರಬಹುದು ಎಂದು ಡಾಕ್ಟರು ಒಪ್ಪಿಕೊಂಡರು.

ಮನೆಗೆ ಬಂದು ವಿದ್ಯಾ ಅತ್ತಳು. "ಸಾರಿ ಅಮ್ಮ. ಡಾಕ್ಟರ್ ಹಾಗೆ ಹೇಳಿದ್ರಲ್ಲ, ನಾನೇನ್ ಮಾಡ್ಲಿ?"

"ಡಾಕ್ಟರಿಗೆ ನಾನು ಇಂಡಿಯಾದಿಂದ ಬಂದವಳು, ಸರಿ," ಎಂದೆ. "ನಿನಗೆ?"

ಮೂರು ತಿಂಗಳು ಬಾಣಂತನ ಮಾಡಿ ಮೆಲ್ಬರ್ನ್‌ಗೆ ಹೊರಟೆ. ಮಗುವನ್ನೆತ್ತಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತ ವಿದ್ಯಾ, ಮುಂದಿನ ಸಲ ಬರುವಾಗ ಮಿಡಿ ಉಪ್ಪಿನಕಾಯಿ ತಾ ಅಮ್ಮ ಎಂದಳು.